ಕವಿಯ ಮನೆಗೆ ಬುತ್ತಿ

ಕವಿತೆ ಓದಿ ಕಣ್ಣೀರು ಬಂತು ಎಂದು ಯಾರಾದರೂ ಹೇಳಿದರೆ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ. ಬಂದ ಮೇಲೆ ಏನು ಮಾಡಿದಿರಿ ಎಂದು ಕೇಳಬೇಕೆನಿಸುತ್ತದೆ. ಮುಖ ತೊಳೆದುಕೊಂಡು ಊಟಕ್ಕೆ ಕುಳಿತಿರುತ್ತಾರೆ, ಮತ್ತೇನು. ಕಮಲಾಪುರದ ನಮ್ಮ ಮನೆಯಲ್ಲಿ ಒಬ್ಬಳು ಕವಿತೆಗೆ ಅತ್ತಳು, ಅತ್ತ ಮೇಲೆ ಊಟ ಬಿಟ್ಟಳು. ಅದನ್ನು ಕಣ್ಣಾರೆ ಕಂಡವಳು ನಾನು. ಆ ಪುಸ್ತಕವನ್ನು ಆ ಮನೆಯೊಳಗೆ ತಂದವಳೂ ನಾನೇ.

ನನ್ನ ತವರು ಕಲಬುರ್ಗಿ. ಕಾಳಿನ ಪೇಟೆಯಾದ ಗಂಜಿನ ಹಿಂದಿನ ಓಣಿಯಲ್ಲಿ ಮನೆ, ಅಪ್ಪನದು ತೊಗರಿ, ಹೆಸರು, ಕಡಲೆಯ ವ್ಯಾಪಾರ. ಆಗ ನಿಜಾಮರ ಆಳ್ವಿಕೆ. ಸರಕಾರಿ ಶಾಲೆಯಲ್ಲಿ ಎಲ್ಲವೂ ಉರ್ದುವಿನಲ್ಲೇ ನಡೆಯುತ್ತಿತ್ತು. ಅಣ್ಣ ಅಲ್ಲಿಗೆ ಹೋದ. ಹೆಣ್ಣುಮಕ್ಕಳನ್ನು ಅಲ್ಲಿಗೆ ಯಾರು ಕಳಿಸುತ್ತಾರೆ? ನನ್ನ ಪಾಲಿಗೆ ಬಂದದ್ದು ಮಠದ ಕಟ್ಟೆಯ ಮೇಲೆ ಐನೋರು ಮರಳಿನಲ್ಲಿ ಬೆರಳು ಹಿಡಿದು ತಿದ್ದಿಸುತ್ತಿದ್ದ ಕನ್ನಡ. ಹೀಗಾಗಿ ಒಂದೇ ಪಡಸಾಲೆಯಲ್ಲಿ ಅಣ್ಣ ಬಲದಿಂದ ಎಡಕ್ಕೆ ಓದುತ್ತಿದ್ದ, ನಾನು ಎಡದಿಂದ ಬಲಕ್ಕೆ. ಇಬ್ಬರೂ ಒಂದು ದಿನ ನಡುವೆ ಡಿಕ್ಕಿ ಹೊಡೀತೀರಿ ಎಂದು ಅಪ್ಪ ನಗುತ್ತಿದ್ದರು. ಅಣ್ಣನಿಗೆ ಕನ್ನಡ ಅಕ್ಷರ ಬರುತ್ತಿತ್ತು, ಆದರೆ ಒಂದೊಂದನ್ನೂ ಕೂಡಿಸಿ ಕೂಡಿಸಿ ಓದಬೇಕಾಗಿತ್ತು. ಸಂಜೆಯಾದರೆ ಅವನು ರೋಜಾ ದರ್ಗಾದ ಕಡೆಗೆ ಮುಶಾಯಿರಾ, ಅಂದರೆ ಉರ್ದು ಕವಿಗಳ ಗೋಷ್ಠಿ, ಕೇಳಲು ಹೋಗಿ, ಯಾರದೋ ವಿರಹವನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬರುತ್ತಿದ್ದ. ರೊಟ್ಟಿ ಹಾಕಿದರೆ ನಿಟ್ಟುಸಿರು ಬಿಡುತ್ತಿದ್ದ. ಯಾರೋ ನಿನ್ನವಳು, ಎಲ್ಲಿಗೆ ಹೋದಳು ಎಂದು ನಾನು ಕಾಡುತ್ತಿದ್ದೆ.

ನನ್ನ ಓದೆಂದರೆ ಅಜ್ಜಿಗೆ ಪುರಾಣ ಓದಿ ಹೇಳುವುದು. ಪುರಾಣ ಓದುವುದಕ್ಕೂ ಒಂದು ರೀತಿ ಇದೆ. ಒಬ್ಬರು ಪದ್ಯವನ್ನು ರಾಗದಲ್ಲಿ ಹೇಳಬೇಕು, ನಿಂತಲ್ಲಿ ಇನ್ನೊಬ್ಬರು ಅದರ ಅರ್ಥ ಬಿಡಿಸಬೇಕು. ಓದುವ ಮುನ್ನ ಪುಸ್ತಕಕ್ಕೆ ವಿಭೂತಿ ಹಚ್ಚಬೇಕು. ನಡುವೆ ಹಾಳೆ ಬಿಡಬಾರದು. ಬಿಟ್ಟರೆ ಕೇಳಿದವರಿಗೂ ಪಾಪ, ಓದಿದವರಿಗೂ ಪಾಪ. ಪುಸ್ತಕವೆಂದರೆ ಇಷ್ಟೇ ಎಂದು ನಾನು ತಿಳಿದಿದ್ದೆ. ಅದನ್ನು ಬರೆದವರು ಯಾವಾಗಲೋ ಆಗಿಹೋದವರು, ಕೈ ಮುಗಿಸಿಕೊಳ್ಳುವವರು. ಅಂಥವರು ನಮ್ಮಂತೆ ನೆಗಡಿಯಾಗಿ ಮೂಗು ಸೀಟುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನನ್ನು ಕಮಲಾಪುರಕ್ಕೆ ಕೊಟ್ಟರು. ಬೆಳಿಗ್ಗೆ ಬಂಡಿ ಕಟ್ಟಿದರೆ ಹೊತ್ತು ಮುಳುಗುವ ಹೊತ್ತಿಗೆ ಮುಟ್ಟುವ ಊರು. ಮನೆಯಲ್ಲಿ ಅತ್ತೆಯವರು, ನನ್ನ ಗಂಡ, ಅವರ ಅಣ್ಣ, ಆ ಅಣ್ಣನ ಹೆಂಡತಿ. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಓದು ಬರಹ ಬಾರದ, ಮಾತು ಕಡಿಮೆಯ, ಕೈ ಮಾತ್ರ ಯಾವಾಗಲೂ ಓಡುತ್ತಿದ್ದ ಹೆಂಗಸು. ಮೊದಲ ತಿಂಗಳು ನನಗೆ ರೊಟ್ಟಿ ತೆಳ್ಳಗೆ ಬಡಿಯಲು ಬರುತ್ತಿರಲಿಲ್ಲ. ನಾನು ಬಡಿದ ದಪ್ಪ ರೊಟ್ಟಿಗಳನ್ನು ಅತ್ತೆಯವರ ಕಣ್ಣಿಗೆ ಬೀಳದಂತೆ ತಾನೇ ತಿಂದು ಮುಗಿಸುತ್ತಿದ್ದಳು. ಆಕೆಗೊಬ್ಬ ಮಗನಿದ್ದ. ಆಗಷ್ಟೇ ಓಡಲು ಕಲಿತಿದ್ದ ಅವನು ಹೊಸ್ತಿಲು ದಾಟಿದರೆ ಇಡೀ ಮನೆ ಅವನ ಹಿಂದೆ ಓಡಬೇಕಾಗಿತ್ತು. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಊರಿಗೆ ಪ್ಲೇಗು ಬಂತು. ಅಟ್ಟದಿಂದ ಇಲಿ ಬಿದ್ದು ಸಾಯತೊಡಗಿದರೆ ಮನೆ ಬಿಡಲೇಬೇಕು. ಜನ ಕದಗಳಿಗೆ ಬೀಗ ಹಾಕಿ ಹೊಲಗಳಿಗೆ ಹೋದರು. ನಾವು ಬಾಳೆಯ ತೋಟದ ಆಚೆಗಿನ ಎರೆಹೊಲದಲ್ಲಿ ಜೋಳದ ಕಣಿಕೆಯಿಂದ ಗುಡಿಸಲು ಹಾಕಿಕೊಂಡೆವು. ಅಲ್ಲಿಗೂ ಅದು ನಮ್ಮ ಜೊತೆಗೇ ಬಂದಿತ್ತು. ಮೊದಲು ಅಕ್ಕನಿಗೆ ಜ್ವರ ಬಂತು, ತೊಡೆಯ ಸಂದಿನಲ್ಲಿ ಗಂಟು ಕಟ್ಟಿತು, ಪ್ರಜ್ಞೆ ತಪ್ಪಿತು. ಮರುದಿನ ಮಗನಿಗೆ ಬಂತು. ತಾಯಿ ಉಳಿಯುವುದಿಲ್ಲ, ಮಗು ಉಳಿದೀತು ಎಂದು ಎಲ್ಲರೂ ಎಣಿಸಿದೆವು. ಆದದ್ದು ಬೇರೆ. ಅತ್ತೆಯವರು ಮೊಮ್ಮಗನನ್ನು ತಮ್ಮ ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟರು. ಗಂಡಸರು ಹೊಲದ ಬದುವಿನಲ್ಲಿ ಗುಂಡಿ ತೋಡಿ ಮಣ್ಣು ಮಾಡಿ ಬಂದರು. ಅವನ ಬಟ್ಟೆ, ಹಾಸಿಗೆ, ಬುಗುರಿ, ಎಲ್ಲವನ್ನೂ ಗುಡ್ಡೆ ಹಾಕಿ ಸುಟ್ಟರು. ಅಕ್ಕ ಕಣ್ಣು ಬಿಟ್ಟು ನೀರು ಕೇಳುವಷ್ಟರಲ್ಲಿ ಅವನದು ಅಂಗೈಯಗಲ ಅರಿವೆಯೂ ಉಳಿದಿರಲಿಲ್ಲ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರು ತಮ್ಮ ಮನೆಗಳಿಂದ ರೊಟ್ಟಿ, ಪಲ್ಯ, ಚಟ್ನಿಪುಡಿಯಂಥ ಹಿಂಡಿ ಕಟ್ಟಿಕೊಂಡು ಬರುತ್ತಾರೆ. ಅದಕ್ಕೆ ಬುತ್ತಿ ಎನ್ನುತ್ತೇವೆ. ಬುತ್ತಿಯನ್ನು ಇಟ್ಟು ಹೋಗುವಂತಿಲ್ಲ. ಹೆಂಗಸರು ಮೊದಲು ಆ ತಾಯಿಯನ್ನು ತಬ್ಬಿಕೊಂಡು, ಸತ್ತವರ ಹೆಸರು ಹಿಡಿದು ಹಾಡಿ ಹಾಡಿ ಅಳಬೇಕು. ಆಮೇಲೆ ಬುತ್ತಿ ತಂದವರು ಆಕೆಯ ಎದುರು ಕುಳಿತು, ರೊಟ್ಟಿ ಮುರಿದು ಕೈಗಿಟ್ಟು, ಉಣ್ಣವ್ವ ಎಂದು ಒತ್ತಾಯ ಮಾಡಿ ಉಣ್ಣಿಸಬೇಕು. ಹೊರಗಿನವರಿಗೆ ಇದು ಬರೀ ಶಾಸ್ತ್ರವಾಗಿ ಕಂಡೀತು. ಆದರೆ ಸತ್ತದ್ದು ನಿಜ ಎಂದು ಹೆತ್ತವಳ ಹೊಟ್ಟೆಗೆ ತಿಳಿಯುವುದು ಆಗಲೇ. ಪ್ಲೇಗಿನ ಗುಡಿಸಲಿಗೆ ಯಾರು ಬರುತ್ತಾರೆ? ಅಕ್ಕನ ತವರಿನವರು ದೂರದ ರಸ್ತೆಯ ಮೇಲೆಯೇ ನಿಂತು ಕೂಗಿ ಕೇಳಿ ಹೊರಟುಹೋದರು. ಬುತ್ತಿ ಬರಲಿಲ್ಲ, ಯಾರೂ ತಬ್ಬಿಕೊಳ್ಳಲಿಲ್ಲ. ನಾವೇ ಮರುದಿನ ಒಲೆ ಹೊತ್ತಿಸಿ ಗಂಜಿ ಕಾಸಿದೆವು.

ಬೇಸಿಗೆಗೆ ಊರೊಳಗೆ ವಾಪಸು ಬಂದೆವು. ಅಕ್ಕ ಎಂದಿನಂತೆ ಬೀಸಿದಳು, ಕುಟ್ಟಿದಳು, ಸಾರಿಸಿದಳು. ಮಗನ ಮಾತೇ ಎತ್ತಲಿಲ್ಲ, ಒಂದು ಹನಿ ಕಣ್ಣೀರು ಹಾಕಲಿಲ್ಲ. ಊಟಕ್ಕೆ ಕುಳಿತರೆ ರೊಟ್ಟಿಯನ್ನು ಎರಡು ಮಾಡಿ ಅರ್ಧವನ್ನು ತಾಟಿನ ಅಂಚಿಗೆ ಸರಿಸಿಡುತ್ತಿದ್ದಳು. ಉಳಿದ ಅರ್ಧವನ್ನೂ ಪೂರಾ ತಿನ್ನುತ್ತಿರಲಿಲ್ಲ. ಹೊತ್ತು ಮುಳುಗುವಾಗ ಬಾಗಿಲಿಗೆ ಬಂದು, ಆಡಲು ಹೋದವನನ್ನು ಕಾಯುವವಳಂತೆ ಓಣಿ ನೋಡುತ್ತಾ ನಿಲ್ಲುತ್ತಿದ್ದಳು. ಮೈ ಇಳಿಯಿತು, ಬಳೆ ಮೊಣಕೈಗೆ ಏರಿತು. ಇವಳದು ಹೆಣ್ಣಿನ ಹೊಟ್ಟೆಯೋ ಕಲ್ಲೋ ಎಂದು ಓಣಿಯವರು ಆಡಿಕೊಂಡರು. ಅಕ್ಕನ ಗಂಡ ಆಕೆಯ ಮುಖ ನೋಡುವುದನ್ನೇ ಬಿಟ್ಟರು. ಅವರಿಗೆ ಬೇರೆ ಹೆಣ್ಣು ನೋಡುವ ಮಾತು ಅಂಗಳದಲ್ಲಿ ಗಂಡಸರ ನಡುವೆ ಆಗಲೇ ಶುರುವಾಗಿತ್ತು. ಅದು ಆಕೆಗೂ ಕೇಳಿಸುತ್ತಿತ್ತು. ಹೀಗೇ ಹೋದರೆ ಮುಂದಿನ ಚಳಿಗಾಲ ಇವಳು ಕಾಣುವುದಿಲ್ಲ ಎಂದು ನನಗೆ ಹೆದರಿಕೆಯಾಗುತ್ತಿತ್ತು.

ಶ್ರಾವಣದ ಪಂಚಮಿಗೆ ಅಣ್ಣ ಬಂದು ನನ್ನನ್ನು ಕಲಬುರ್ಗಿಗೆ ಕರೆದುಕೊಂಡು ಹೋದ. ಅವನು ವ್ಯಾಪಾರಕ್ಕೆಂದು ರೈಲು ಹತ್ತಿ ಇಂಗ್ರೇಜಿ ಸೀಮೆಯ ಕನ್ನಡ ಊರುಗಳಿಗೆ ಹೋಗಿ ಬಂದಿದ್ದ. ಬಂದವನು ನನಗೆ ಬಳೆ ತಂದಿರಬಹುದು ಎಂದುಕೊಂಡರೆ ಒಂದು ತೆಳ್ಳನೆಯ ಪುಸ್ತಕ ತೆಗೆದುಕೊಟ್ಟ.

"ಅಲ್ಲಿ ಜನ ಕನ್ನಡದಾಗ ಶಾಯರಿ ಬರೀತಾರ ತಂಗಿ" ಎಂದ. ಎತ್ತು ಮಾತಾಡಿದ್ದನ್ನು ಕಂಡು ಬಂದವನ ಹಾಗಿತ್ತು ಮುಖ. "ಬರದಾವರು ಒಬ್ಬ ಸಾಲಿ ಮಾಸ್ತರಂತ. ಅದೇ ಊರಾಗ ಅದಾರ. ಜೀವಂತ ಅದಾರ."

ನಾನು ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕುಳಿತು ರೂಢಿಯಂತೆ ಪುರಾಣದ ರಾಗದಲ್ಲಿ ಶುರು ಮಾಡಿದೆ. ಸಾಲು ರಾಗಕ್ಕೆ ಕೂಡಲೇ ಇಲ್ಲ. ಅಚ್ಚು ಹಾಕುವಾಗ ಅಕ್ಷರ ಬಿಟ್ಟಿದ್ದಾರೆ ಎಂದುಕೊಂಡೆ. ಇನ್ನೊಂದು ಪದ್ಯ ಹಿಡಿದೆ, ಅದೂ ಹಾಗೇ. ಕಡೆಗೆ ಬೇಸರವಾಗಿ ರಾಗ ಬಿಟ್ಟು, ನೆರೆಮನೆಯವರ ಜೊತೆ ಮಾತಾಡುವಂತೆ ಸುಮ್ಮನೆ ಓದಿದೆ. ಆಗ ಅದು ತೆರೆದುಕೊಂಡಿತು. ಅದರಲ್ಲಿ ರಾಜರಿರಲಿಲ್ಲ, ಶಿವಗಣಂಗಳಿರಲಿಲ್ಲ. ಹಗ್ಗ ಎಳೆದು ಅಂಗೈ ಉರಿದ ಹೆಂಗಸಿದ್ದಳು, ಒಲೆಯ ಮುಂದೆ ತೂಕಡಿಸುವ ಮುದುಕಿಯಿದ್ದಳು, ಸಂತೆಯಿಂದ ತಡವಾಗಿ ಬಂದ ಗಂಡನಿದ್ದ. ಇದನ್ನೆಲ್ಲ ಪುಸ್ತಕದಲ್ಲಿ ಹಾಕಲು ಇವರಿಗೆ ಯಾರು ಅಪ್ಪಣೆ ಕೊಟ್ಟರು ಎಂದು ಮೊದಲು ಗಾಬರಿಯಾಯಿತು. ಆಮೇಲೆ ಮೈಯೆಲ್ಲ ಬಿಸಿಯಾಗಿ ಸಂತೋಷವಾಯಿತು. ನನ್ನ ಹದಿನಾರು ವರ್ಷದ ಬಾಳಿನಲ್ಲಿ ನಾನು ಪುಸ್ತಕದಲ್ಲಿ ಬರೆಯುವಂಥವಳು ಎಂದು ಅನಿಸಿದ್ದು ಅದೇ ಮೊದಲು.

ನಡುವಿನಲ್ಲಿ ಒಂದು ಪದ್ಯವಿತ್ತು. ಹೆಚ್ಚೇನಿಲ್ಲ ಅದರಲ್ಲಿ. ಒಂದು ಮನೆಯ ಅಂಗಳದ ಗೋಡೆಯ ಮೇಲೆ ಕೂಸಿನ ಕುಂಚಿಗೆ, ತಲೆಯಿಂದ ಬೆನ್ನಿಗೆ ಇಳಿಬೀಳುವ ಟೊಪ್ಪಿಗೆ, ಒಣಗಲು ಹಾಕಿದ್ದಾರೆ. ಮಳೆ ಬಂದು ಅದು ನೆನೆಯುತ್ತದೆ, ಬಿಸಿಲು ಬಂದು ಒಣಗುತ್ತದೆ, ಮತ್ತೆ ನೆನೆಯುತ್ತದೆ. ಮನೆಯವರು ಅದರ ಮುಂದೆಯೇ ನೀರು ತರುತ್ತಾರೆ, ದನ ಕಟ್ಟುತ್ತಾರೆ. ತೆಗೆಯಲು ಯಾರಿಗೂ ಕೈ ಏಳುವುದಿಲ್ಲ. ಸತ್ತಿತು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಓದಿ ಮುಗಿಸಿದಾಗ ನಾನು ಕಟ್ಟೆಯ ಮೇಲೆ ಗಟ್ಟಿಯಾಗಿ ಅಳುತ್ತಿದ್ದೆ. ಅವ್ವ ಬಂದು ಅತ್ತೆಯ ಕಾಟವೇ ಎಂದು ಕೇಳಿದಳು.

ಪುಸ್ತಕವನ್ನು ಟ್ರಂಕಿನ ಅಡಿಯಲ್ಲಿಟ್ಟುಕೊಂಡು ಕಮಲಾಪುರಕ್ಕೆ ಮರಳಿದೆ. ಶ್ರಾವಣ ಮುಗಿದರೂ ಅಲ್ಲಿ ಹಚ್ಚಿದ್ದ ಪುರಾಣ ಮುಗಿದಿರಲಿಲ್ಲ. ಓದುತ್ತಿದ್ದ ಐನೋರು ಜ್ವರ ಬಂದು ಮಲಗಿದ್ದರು, ಪುಸ್ತಕ ಅವರ ಮನೆಯಲ್ಲೇ ಇತ್ತು. ಒಂದು ಮಧ್ಯಾಹ್ನ ಜಿಟಿಜಿಟಿ ಮಳೆ. ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ತೊಗರಿ ಹಸನು ಮಾಡಲು ಕೂಡಿದ್ದರು.

"ನಿನ್ನ ಕಡಿ ಯಾವುದೋ ಪುಸ್ತಕ ಅದ ಅಂತಲ್ಲ, ಅದನ್ನರೆ ಓದು" ಎಂದರು ಅತ್ತೆಯವರು.

ತಂದುಕೊಟ್ಟೆ. ಹೊದಿಕೆಗೆ ವಿಭೂತಿ ಹಚ್ಚಿ, ಕಣ್ಣಿಗೊತ್ತಿಕೊಂಡು, ಯಾವ ಶರಣರು ಬರೆದದ್ದು ಎಂದು ಕೇಳಿದರು. ಬರೆದವರು ಶರಣರಲ್ಲ, ಮಾಸ್ತರರು, ಈಗಲೂ ಇದ್ದಾರೆ ಎಂದೆ.

"ಇದ್ದಾವರು ಪುಸ್ತಕದಾಗ ಹ್ಯಾಂಗ ಬರ್ತಾರ?" ಎಂದಳು ಒಬ್ಬಳು.

ಓದುತ್ತಾ ಹೋದೆ. ಪದ್ಯ ಮುಗಿದ ಕೂಡಲೇ ಎಲ್ಲರೂ ಅರ್ಥ ಹೇಳುವುದನ್ನು ಕಾಯುತ್ತಿದ್ದರು. ಇದರಲ್ಲಿ ಬೇರೆ ಅರ್ಥವಿಲ್ಲ, ಕೇಳಿದ್ದೇ ಅರ್ಥ ಎಂದರೆ ಅವರಿಗೆ ಮೋಸ ಹೋದಂತೆ ಆಗುತ್ತಿತ್ತು. ಆದರೂ ಸಂತೆಯ ಗಂಡನಿಗೆ ನಕ್ಕರು, ತೂಕಡಿಸುವ ಮುದುಕಿ ಯಾರು ಎಂದು ಪರಸ್ಪರ ಬೆರಳು ತೋರಿಸಿಕೊಂಡರು. ಅಕ್ಕ ಕಂಬದ ಹತ್ತಿರ ಮೊರ ಹಿಡಿದು ಕುಳಿತಿದ್ದಳು. ಕುಂಚಿಗೆಯ ಪದ್ಯ ಬಂದಾಗ ನಾನು ಎರಡು ಹಾಳೆಗಳನ್ನು ಕೂಡಿಸಿ ಹಿಡಿದು ಮಗುಚಿದೆ.

"ಹಾಳಿ ಬಿಟ್ಟಿ" ಎಂದಳು ಅಕ್ಕ.

ಇಲ್ಲ, ಅಂಟಿಕೊಂಡಿತ್ತು ಎಂದೆ. ಅತ್ತೆಯವರು ಕೈಯಲ್ಲಿದ್ದ ಕಾಳು ಕೆಳಗಿಟ್ಟರು. "ವಿಭೂತಿ ಹಚ್ಚಿದ ಪುಸ್ತಕ ಅದ. ಬಿಟ್ಟಿದ್ದು ಓದಿ ಮುಂದ ಹೋಗು" ಎಂದರು.

ಓದಿದೆ. ತಲೆ ಎತ್ತಲು ಧೈರ್ಯವಿರಲಿಲ್ಲ. ಮುಗಿದಾಗ ಯಾರೂ ಅರ್ಥ ಕೇಳಲಿಲ್ಲ. ಮೊರಗಳು ನಿಂತಿದ್ದವು. ಅಕ್ಕ, "ಮತ್ತೊಮ್ಮೆ ಓದು" ಎಂದಳು. ಮತ್ತೆ ಓದಿದೆ. "ಪಾಪ, ಆಕಿ ಹ್ಯಾಂಗ ಅದಾಳೋ" ಎಂದಳು ಅಕ್ಕ. ಯಾರು ಎಂದೆ. "ಅವರ ಹೇಣ್ತಿ. ಬರದಾವರ ಹೇಣ್ತಿ." ಅಷ್ಟು ಹೇಳಿ ಮೊರ ಬದಿಗಿಟ್ಟು, ಕಂಬ ತಬ್ಬಿಕೊಂಡು, ಎತ್ತಿದ ದನಿಯಲ್ಲಿ ಹಾಡಿ ಅಳತೊಡಗಿದಳು. ಯಾರ ಮನೆಯ ಕೂಸೋ ನೀನು, ನಿನ್ನ ಕುಂಚಿಗೆ ತೊಯ್ದೀತೋ ಎಂದು, ತಾನು ಎಂದೂ ಕಾಣದ ಕೂಸಿನ ಹೆಸರಿಲ್ಲದ ಹಾಡು ಅದು. ಹೆಂಗಸರೆಲ್ಲ ಎದ್ದು ಬಂದು ಆಕೆಯನ್ನು ತಬ್ಬಿಕೊಂಡರು. ಆವತ್ತು ನಮ್ಮ ಪಡಸಾಲೆ ಸಾವಿನ ಮನೆಯ ಹಾಗೆ ಅತ್ತಿತು. ತನ್ನ ಮಗನ ಹೆಸರನ್ನು ಅಕ್ಕ ಆಗಲೂ ಎತ್ತಲಿಲ್ಲ. ಅತ್ತೆಯವರು ಮಾತ್ರ ಅಲುಗದೆ ಕಾಳು ನೋಡುತ್ತಾ ಕುಳಿತಿದ್ದರು.

ಅತ್ತಳಲ್ಲ, ಇನ್ನು ಉಣ್ಣುತ್ತಾಳೆ ಎಂದು ನನಗೆ ಖುಷಿಯಾಗಿತ್ತು. ಮರುದಿನ ನಸುಕಿನಲ್ಲೇ ರೊಟ್ಟಿ ಬಡಿಯುವ ಸದ್ದು ಕೇಳಿ ಇನ್ನೂ ಖುಷಿಯಾಯಿತು. ಹೋಗಿ ನೋಡಿದರೆ ಅಕ್ಕ ಕೆಂಡದ ಮೇಲೆ ಖಡಕ್ ರೊಟ್ಟಿ ಸುಡುತ್ತಿದ್ದಳು. ಪಕ್ಕದಲ್ಲಿ ಶೇಂಗಾ ಹಿಂಡಿ ಕುಟ್ಟಿಟ್ಟಿತ್ತು. ಯಾರು ಊರಿಗೆ ಹೋಗುತ್ತಾರೆ ಎಂದು ಕೇಳಿದೆ.

"ನಿಮ್ಮಣ್ಣ ಹೆಸರುಕಾಳು ಕೊಳ್ಳಾಕ ಬರ್ತಾನಲ್ಲ ಈ ವಾರ. ಅಲ್ಲಿಂದ ಆ ಕಡಿ ಹೋಗ್ತಾನಂದಿ. ಅವರ ಮನಿಗಿ ಬುತ್ತಿ ಕಳಸಬೇಕು. ಅತ್ತ ಮ್ಯಾಲೆ ಕಳಸಲಿಲ್ಲಂದ್ರ ಹ್ಯಾಂಗ?"

ನನಗೆ ನಗು ಬರಲಿಲ್ಲ. ಈಗ ಹೇಳಿದರೆ ನಗುವವರಿದ್ದಾರೆ. ಅಕ್ಕನ ಲೆಕ್ಕದಲ್ಲಿ ತಪ್ಪೇನಿತ್ತು? ಒಂದು ಸಾವಿಗೆ ಅತ್ತವರು ಆ ಮನೆಗೆ ಬುತ್ತಿ ಒಯ್ಯಬೇಕು. ಓಣಿಯ ಹೆಂಗಸರಿಗೂ ಅದು ಸರಿಯೆಂದೇ ಕಂಡಿತು. ಒಬ್ಬಳು ಮೆಂತ್ಯದ ಹಿಂಡಿ ತಂದುಕೊಟ್ಟಳು, ಇನ್ನೊಬ್ಬಳು ಬೆಲ್ಲದ ಹೆಂಟೆ. ಅತ್ತೆಯವರು, "ಇಟ್ಟ ದೂರ ಯಾರು ಒಯ್ತಾರ?" ಎಂದು ಗೊಣಗಿದರು. ಬೇಡವೆಂದು ಮಾತ್ರ ಹೇಳಲಿಲ್ಲ.

"ನನಗ ಯಾರೂ ತರಲಿಲ್ಲ, ಆಕಿಗರೆ ಹೋಗಿ ಮುಟ್ಟಲಿ" ಎಂದಳು ಅಕ್ಕ. ಬಿಳಿಯ ಅರಿವೆಯಲ್ಲಿ ರೊಟ್ಟಿ ಕಟ್ಟಿ, ಮೂಲೆಗಳನ್ನು ತಿರುವಿ ತಿರುವಿ ಗಂಟು ಹಾಕಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ಆಕಿ ಉಂಡಾಳಂತ ಸುದ್ದಿ ಬರೂತನಕ ನಾ ರೊಟ್ಟಿ ಮುಟ್ಟಂಗಿಲ್ಲ."

ಅದನ್ನು ಹಾಗೆಯೇ ನಡೆಸಿದಳು. ಅರ್ಧ ರೊಟ್ಟಿಯೂ ನಿಂತಿತು. ಮಜ್ಜಿಗೆ ಕುಡಿದು ಎದ್ದುಬಿಡುತ್ತಿದ್ದಳು. ಕವಿತೆ ತಂದ ನನ್ನ ಕೈಗೆ ಬೆಂಕಿ ಬೀಳಲಿ ಎಂದು ನನಗೆ ಅನ್ನಿಸಿದ್ದುಂಟು.

ಅಣ್ಣ ಬಂದ. ಗಂಟು ನೋಡಿ, ವಿಷಯ ಕೇಳಿ, ನನ್ನನ್ನು ಹಿತ್ತಲಿಗೆ ಕರೆದ. "ತಂಗಿ, ಶಾಯರಿ ಬರ್ಯಾವ್ರ ಮಾತು ಎಲ್ಲಾ ಖರೇ ಇರಂಗಿಲ್ಲ. ಮುಶಾಯಿರಾದಾಗ ದಿನಾ ನೂರು ಮಂದಿ ಸಾಯ್ತೀನಿ ಅಂತಾರ, ಮರುದಿನ ಚಾ ಕುಡಿಯಾಕ ಬರ್ತಾರ. ಈ ಮಾಸ್ತರಿಗಿ ಕೂಸು ಇತ್ತೋ ಇಲ್ಲೋ" ಎಂದ.

ಅದು ನನಗೆ ಹೊಳೆದೇ ಇರಲಿಲ್ಲ. ನಾನೂ ಅದನ್ನು ಪುರಾಣದಂತೆ ನಂಬಿ ಓದಿದವಳೇ. "ಏನರೆ ಆಗಲಿ, ಹೊಳ್ಳಿ ಬಂದು ಆಕಿ ಉಂಡಾಳಂತ ಹೇಳು. ಇಲ್ಲಂದ್ರ ಅಕ್ಕ ಉಳಿಯಂಗಿಲ್ಲ" ಎಂದು ಅವನ ಕೈ ಹಿಡಿದೆ. ಹೇಳುತ್ತೇನೆ ಎಂದು ಅವನು ಒಪ್ಪಿಕೊಂಡ.

ಅವನು ಹೋಗಿ ಬರುವವರೆಗಿನ ದಿನಗಳು ಹೇಗೆ ಕಳೆದವು ಎಂದು ಕೇಳಬೇಡಿ. ಕಮಲಾಪುರದ ಕೆಂಪು ಬಾಳೆಯ ಹಣ್ಣು ಸುಲಿದುಕೊಟ್ಟೆ, ಹಾಲಿಗೆ ಬೆಲ್ಲ ಹಾಕಿ ಕೊಟ್ಟೆ. ಎರಡು ಗುಟುಕು ಕುಡಿದು ಲೋಟ ವಾಪಸು ಕೊಡುತ್ತಿದ್ದಳು. ನೀರಿನ ಕೊಡ ಎತ್ತುವಾಗ ಕಣ್ಣಿಗೆ ಕತ್ತಲೆ ಬಂದು ಬಾವಿಯ ಕಟ್ಟೆಯ ಮೇಲೆ ಕುಸಿದಳು. ಆಕೆಯ ಗಂಡ ಅದನ್ನು ಕಂಡು, "ಹುಚ್ಚು ಹಿಡದದ. ತವರಿಗಿ ಒಯ್ದು ಬಿಟ್ಟು ಬರಬೇಕು" ಎಂದರು. ಬಂಡಿ ಯಾವಾಗ ಕಟ್ಟಬೇಕು ಎಂಬುದಷ್ಟೇ ಉಳಿದಿತ್ತು. ದಿನ ಬಿಟ್ಟು ದಿನ ಅಕ್ಕ ನನ್ನಿಂದ ಆ ಪದ್ಯ ಓದಿಸಿಕೊಳ್ಳುತ್ತಿದ್ದಳು. ಕೇಳುತ್ತಾ ಕೇಳುತ್ತಾ, "ಆ ಮನ್ಯಾಗ ಕುಂಚಗಿ ಆದ್ರೂ ಉಳದದ" ಎನ್ನುತ್ತಿದ್ದಳು.

ಮಹಾನವಮಿಗೆ ಮುಂಚೆ ಒಂದು ದಿನ ಇಳಿಹೊತ್ತಿಗೆ ಅಣ್ಣನ ಬಂಡಿ ಬಂತು. ನಾನು ಕಾಲಿಗೆ ನೀರು ಒಯ್ದೆ. ಅವನ ಮುಖ ನೋಡುವ ಮೊದಲೇ ಅವನ ಕಂಕುಳ ನೋಡಿದೆ. ಬಿಳಿ ಗಂಟು ಹೋದ ಹಾಗೆಯೇ ಬಂದಿತ್ತು. ಬಾಗಿಲ ಮರೆಯಲ್ಲಿ ಅಕ್ಕ ನಿಂತಿದ್ದಳು. ತಾನು ಹಾಕಿದ ಗಂಟು ಆಕೆಗೆ ಗೊತ್ತಾಗದೆ ಇರುತ್ತದೆಯೇ? ಸುಳ್ಳು ಹೇಳುವ ದಾರಿ ಅಂಗಳದಲ್ಲೇ ಮುಗಿಯಿತು.

"ದಾರ್ಯಾಗ ಎಲ್ಲ್ಯರೆ ಒಗದು ಬರಬೇಕಿಲ್ಲ?" ಎಂದೆ ಪಿಸುದನಿಯಲ್ಲಿ.

"ಸಾವಿನ ಬುತ್ತಿ, ತಂಗಿ. ನಾ ಉಣ್ಣಾಕ ಬರಂಗಿಲ್ಲ, ಮಂದಿಗಿ ಕೊಡಾಕ ಬರಂಗಿಲ್ಲ. ಒಗಿಯಾಕ ಕೈ ಬರಲಿಲ್ಲ" ಎಂದ. ಉರ್ದು ಕಲಿತ ನನ್ನ ಅಣ್ಣ ಎಷ್ಟೇ ಹೊಸಬನೆಂದು ಮೆರೆದರೂ ಅದೊಂದು ಅವನಿಂದ ಆಗಿರಲಿಲ್ಲ.

ಅವನು ಪಡಸಾಲೆಯಲ್ಲಿ ಕುಳಿತು ನೆಲ ನೋಡುತ್ತಾ ಹೇಳಿದ. ಅಕ್ಕನ ಗಂಡ, ನನ್ನ ಭಾವನವರೂ ಅತ್ತೆಯವರೂ ಅಲ್ಲೇ ಇದ್ದರು.

"ಮನಿ ಸಿಕ್ತು. ಬಾಗ್ಲಾಗ ಅವರ ಅವ್ವ ಕುಂತಿದ್ರು. ನಿಮ್ಮ ಮೊಮ್ಮಗಂದು ಕೇಳಿ ನಮ್ಮ ಕಡಿ ಮಂದಿ ಭಾಳ ಅತ್ತಾರ್ರಿ, ಬುತ್ತಿ ತಂದೀನಿ ಅಂತ ಗಂಟು ಮುಂದಿಟ್ಟೆ. ಯಾವ ಮೊಮ್ಮಗ ಅಂದ್ರು. ಅವರ ಮಗಂದು ಇನ್ನಾ ಲಗ್ನಾನೇ ಆಗಿಲ್ಲ. ಕಾರ್ತಿಕದಾಗ ಅದಂತ. ಲಗ್ನದ ಮನಿಗಿ ಸಾವಿನ ಬುತ್ತಿ ತಂದಾನ ಅಂತ ಬಾಯಿ ಬಡ್ಕೊಂಡ್ರು. ಓಣಿ ಮಂದಿ ಕೂಡ್ತು. ನನ್ನ ಅಂಗಿ ಹಿಡದು ಎಳದ್ರು."

"ಬರದಾವರು?" ಬಾಗಿಲ ಮರೆಯಿಂದ ಅಕ್ಕ ಕೇಳಿದಳು.

"ಆಮ್ಯಾಲ ಬಂದ್ರು. ನನಗಿಂತ ಸಣ್ಣವರು. ಅಂಥಾ ಕೂಸು ಇಲ್ರಿ, ಯಾವುದೋ ಓಣ್ಯಾಗ ಹೋಗಬೇಕಾದ್ರ ಗ್ವಾಡಿ ಮ್ಯಾಲ ಕುಂಚಗಿ ಕಂಡಿತ್ತು, ಬರದೆ ಅಂದ್ರು."

"ಆ ಕುಂಚಗಿ ಕೂಸು?"

"ಅವರಿಗೂ ಗೊತ್ತಿಲ್ಲವಾ. ಬರೇ ಒಣಗಾಕ ಹಾಕಿದ್ದಿರಬೇಕು ಅಂದ್ರು." ಅಣ್ಣ ಗಂಟನ್ನು ಪಕ್ಕಕ್ಕೆ ಸರಿಸಿದ. "ರೊಟ್ಟಿ ಯಾರು ಮಾಡ್ಯಾರ ಅಂತ ಕೇಳಿದ್ರು. ಹೇಳಿದೆ. ಗ್ವಾಡಿಗಿ ಕೈ ಹಚ್ಚಿ ನಿಂತ್ರು. ಮತ್ತ ಒಳಗ ಹೋಗಿ ಕದ ಹಾಕ್ಕೊಂಡ್ರು, ಹೊರಗ ಬರಲಿಲ್ಲ."

ಭಾವನವರು ಎದ್ದರು. "ಇಲ್ಲದ ಕೂಸಿಗಿ ಅತ್ತು ಮನಿ ಮರ್ಯಾದಿ ಕಳದಳು. ನಾಳೆ ಬಂಡಿ ಕಟ್ತೀನಿ" ಎಂದು ಹೊರಗೆ ಹೋದರು. ನನಗೆ ಆ ಕವಿಯ ಮೇಲೆ ರಕ್ತ ಕುದಿಯುವಷ್ಟು ಸಿಟ್ಟು ಬಂತು. ಒಣಗಲು ಹಾಕಿದ ಒಂದು ಕುಂಚಿಗೆ ಕಂಡು ಇಷ್ಟು ಬರೆಯಬಹುದೇ? ಗೊತ್ತಿಲ್ಲದವರ ಮನೆಯ ಗೋಡೆಯಿಂದ ಅದನ್ನು ಎತ್ತಿ ತಂದು ನಮ್ಮ ಮನೆಯಲ್ಲಿ ಹಾಕಿಬಿಟ್ಟಿದ್ದರು.

ಅಕ್ಕ ಬಾಗಿಲ ಮರೆಯಿಂದ ಹೊರಗೆ ಬಂದಳು. ಪರ ಗಂಡಸಿನ ಮುಂದೆ ತಲೆಯ ಸೆರಗು ಜಾರಿದ್ದು ಆಕೆಗೆ ಗೊತ್ತಿರಲಿಲ್ಲ.

"ಹಂಗಂದ್ರ ಆ ಮನ್ಯಾಗ ಯಾರೂ ಸತ್ತಿಲ್ಲ" ಎಂದಳು.

"ಇಲ್ಲವಾ."

ಆಕೆ ಅಣ್ಣನ ಪಕ್ಕದಲ್ಲಿದ್ದ ಗಂಟನ್ನು ನೋಡುತ್ತಾ ನಿಂತಳು. ಆಕೆ ಬೀಳುತ್ತಾಳೆ ಎಂದು ನಾನು ಹತ್ತಿರ ಹೋದೆ. ಆದರೆ ಅಕ್ಕ ಕಂಬಕ್ಕೆ ಬೆನ್ನು ಕೊಟ್ಟು ಅವನ ಎದುರು ಕುಳಿತುಕೊಂಡಳು. ಗಂಟನ್ನು ತನ್ನ ಕಡೆಗೆ ಎಳೆದುಕೊಂಡು, ಬಿಚ್ಚಲು ಬಾರದೆ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ರೊಟ್ಟಿಗಳು ಚೂರಾಗಿದ್ದವು.

"ಬ್ಯಾರೆ ಊರಿಂದ ಬುತ್ತಿ ತಂದಿ ಅಣ್ಣಾ" ಎಂದಳು. "ತಂದಾವರು ಕುಂತು ಉಣ್ಣಸಬೇಕು."

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಮುಂದೆ ಸರಿದು, ಒಂದು ತುಣುಕು ಮುರಿದು ಆಕೆಯ ಅಂಗೈಯಲ್ಲಿಟ್ಟ. "ಉಣ್ಣವ್ವಾ" ಎಂದ.

ಅಕ್ಕ ಮಗನ ಹೆಸರು ಹೇಳಿದಳು. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದಂದಿನಿಂದ ಆ ಹೆಸರು ಆ ಮನೆಯಲ್ಲಿ ಕೇಳಿರಲಿಲ್ಲ. "ನನ್ನ ಮಗ ಸತ್ತಾನ ಅಣ್ಣಾ" ಎಂದಳು. ಅತ್ತೆಯವರು ಬೀಸುವ ಕಲ್ಲಿನ ಹತ್ತಿರ ಹೋಗಿ ಗೋಡೆಗೆ ಮುಖ ಮಾಡಿ ಕುಳಿತರು. ರೊಟ್ಟಿ ಒಣಗಿ ಹಲ್ಲಿಗೆ ಬಗ್ಗುತ್ತಿರಲಿಲ್ಲ. ಅಕ್ಕ ಒಂದೊಂದೇ ಚೂರನ್ನು ನೀರಿನಲ್ಲಿ ಅದ್ದಿಕೊಂಡು, ಅಂಚಿಗೆ ಏನನ್ನೂ ಸರಿಸಿಡದೆ, ಅರಿವೆ ಬರಿದಾಗುವವರೆಗೆ ತಿಂದಳು.